ಇರುಳ ನಡಿಗೆ, ಕೈಯ ನಡುಕ, ಹಿಟ್ಟಿನ ಕೋಳಿ

ತುರುವೇಕೆರೆ ತಾಲ್ಲೂಕಿನ ದಬ್ಬೇಘಟ್ಟದ ಒಂದು ತೋಟದ ಮನೆ. ಬೆಂಗಳೂರಿನಲ್ಲಿ ಕನ್ನಡ ಎಂ.ಎ. ಓದುತ್ತಿದ್ದ ಮೊಮ್ಮಗ ಬೇಸಿಗೆಯ ರಜೆಗೆ ಬಂದಿದ್ದ. ಜಗುಲಿಯ ಮೇಲೆ ಕುಳಿತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ ಅಜ್ಜಿಗೆ ಅವನು ತನ್ನ ಮೊಬೈಲಿನಲ್ಲಿದ್ದ ಒಂದು ಚಿತ್ರವನ್ನು ತೋರಿಸಿದ. ಕಾಲೇಜಿನ ಛಾಯಾಚಿತ್ರ ಪ್ರದರ್ಶನದಲ್ಲಿ ಅದಕ್ಕೆ ಮೊದಲ ಬಹುಮಾನ ಬಂದಿತ್ತು. ವಿಭಾಗದ ಗೋಡೆಯ ಮೇಲೆ ಅದು ಇನ್ನೂ ತೂಗುತ್ತಿತ್ತು. ಕೃಷ್ಣರಾಜೇಂದ್ರ ಮಾರುಕಟ್ಟೆಯ ಮಗ್ಗುಲ ಬೀದಿ. ರಾತ್ರಿ ಎರಡು ಗಂಟೆ. ತೆಂಗಿನಕಾಯಿ ತುಂಬಿದ ಗೋಣಿಚೀಲಗಳ ಮೇಲೆ ಮೈಚಾಚಿ ಮಲಗಿದ ನಡುವಯಸ್ಸಿನ ಹಮಾಲಿ. ಅರೆತೆರೆದ ಬಾಯಿ, ಎದೆಯ ಮೇಲೆ ಮಡಿಸಿಟ್ಟ ಟವೆಲು. ಟ್ರೈಪಾಡ್ ಇಲ್ಲದೆ, ನಡೆಯುತ್ತಿದ್ದವನು ಅರೆಗಳಿಗೆ ನಿಂತು ಬರಿಗೈಯಲ್ಲಿ ತೆಗೆದ ಚಿತ್ರವದು.

ಅಜ್ಜಿ ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು. "ರಾತ್ರಿ ಅಂತೀಯ, ಇದು ಹಗಲಿದ್ದಂಗೈತಲ್ಲ ಮಗ" ಎಂದರು. ಆಮೇಲೆ, ಮೊಬೈಲನ್ನು ಹಿಂದಕ್ಕೆ ಕೊಡುತ್ತ, "ಆವಯ್ಯಂಗೆ ಗೊತ್ತೈತಾ, ನೀನು ಇದ್ನ ತೆಗ್ದಿರೋದು?" ಎಂದು ಕೇಳಿದರು.

"ಇಲ್ಲ ಕಣಜ್ಜಿ. ಬರೀ ಫೋಟೋ ತಾನೇ" ಎಂದ ಮೊಮ್ಮಗ. ಅಜ್ಜಿ ಮತ್ತೆ ಮಾತನಾಡಲಿಲ್ಲ.

ಓದು ಬರಹ ಹೆಚ್ಚು ತಿಳಿಯದ ಅಜ್ಜಿಯ ಬಾಯಿಂದ ಬಂದ ಈ ಎರಡು ಮಾತುಗಳು ಇರುಳಿನ ಛಾಯಾಗ್ರಹಣದ ಎರಡು ಮೂಲಭೂತ ಪ್ರಶ್ನೆಗಳು. ಮೊದಲನೆಯದು ಚಿತ್ರದ ಸತ್ಯವನ್ನು ಕುರಿತದ್ದು, ಎರಡನೆಯದು ಚಿತ್ರಕಾರನ ಹೊಣೆಯನ್ನು ಕುರಿತದ್ದು. ವಿಚಿತ್ರವೆಂದರೆ, ಕ್ಯಾಮೆರಾ ಹುಟ್ಟುವುದಕ್ಕೆ ನೂರಾರು ವರ್ಷ ಮೊದಲೇ ಕನ್ನಡದ ಇಬ್ಬರು ಜೈನ ಕವಿಗಳು ಇವೆರಡರ ಸಮೀಪಕ್ಕೆ ಬಂದಿದ್ದರು. ಅವರಿಬ್ಬರನ್ನೂ ಪಠ್ಯವಾಗಿ ಓದಿ ಪರೀಕ್ಷೆ ಬರೆದಿದ್ದ ವಿದ್ಯಾರ್ಥಿಗೆ ಅದು ಆ ಸಂಜೆಯವರೆಗೆ ಹೊಳೆದಿರಲಿಲ್ಲ.

ಮೊದಲ ಪ್ರಶ್ನೆ ತಾಂತ್ರಿಕವಾಗಿಯೂ ಸರಿಯಾದುದೇ. ಕೈಯಲ್ಲಿ ಹಿಡಿದ ಕ್ಯಾಮೆರಾಕ್ಕೆ ಕತ್ತಲೆಂದರೆ ಕಾಲದ ತೊಡಕು. ಬೆಳಕು ಕಡಿಮೆಯಾದಾಗ ಶಟರ್ ಹೆಚ್ಚು ಹೊತ್ತು ತೆರೆದಿರಬೇಕು. ಹೆಚ್ಚು ಹೊತ್ತು ತೆರೆದರೆ ಹಿಡಿದ ಕೈಯ ನಡುಕವೆಲ್ಲ ಚಿತ್ರಕ್ಕೆ ಇಳಿಯುತ್ತದೆ. 50 ಮಿಲಿಮೀಟರ್ ಮಸೂರವಾದರೆ ಸೆಕೆಂಡಿನ 1/50ಕ್ಕಿಂತ ನಿಧಾನವಾದ ವೇಗದಲ್ಲಿ ಕೈಯನ್ನು ನಂಬಬೇಡ ಎಂಬುದು ಹಳೆಯ ಛಾಯಾಗ್ರಾಹಕರ ಲೆಕ್ಕ. ಮಂಕು ಬೀದಿದೀಪದ ಕೆಳಗೆ 1/8 ಸೆಕೆಂಡೂ ಸಾಲದೆ ಹೋಗಬಹುದು. ಆಗ ಮೊಣಕೈಯನ್ನು ಪಕ್ಕೆಗೆ ಒತ್ತಿ, ಕಂಬಕ್ಕೆ ಒರಗಿ, ಅರ್ಧ ಉಸಿರು ಬಿಟ್ಟು, ಇನ್ನರ್ಧವನ್ನು ತಡೆದು ಗುಂಡಿ ಒತ್ತುತ್ತಿದ್ದರು. ಫಿಲ್ಮಿನ ಸಂವೇದನೆಯನ್ನು 400ರಿಂದ 1600ಕ್ಕೆ ಏರಿಸಿ ಸಂಸ್ಕರಿಸುತ್ತಿದ್ದರು. ಚಿತ್ರದ ತುಂಬ ಮರಳು ಚೆಲ್ಲಿದಂತೆ ಕಣಗಳು ಮೂಡುತ್ತಿದ್ದವು. ಆ ಕಣಗಳೂ ಆ ಅಲುಗಾಟವೂ ಒಂದು ಸಾಕ್ಷ್ಯವನ್ನು ನುಡಿಯುತ್ತಿದ್ದವು: ಅಲ್ಲಿ ಕತ್ತಲಿತ್ತು, ಮತ್ತು ಆ ಕತ್ತಲಲ್ಲಿ ಒಬ್ಬ ಮನುಷ್ಯ ಉಸಿರಾಡುತ್ತ ನಿಂತಿದ್ದ.

ಇಂದಿನ ಮೊಬೈಲು ಈ ಎರಡು ಸಾಕ್ಷ್ಯಗಳನ್ನೂ ಅಳಿಸುತ್ತದೆ. 2018ರಲ್ಲಿ ಗೂಗಲ್ ತನ್ನ ಪಿಕ್ಸೆಲ್ ಫೋನುಗಳಲ್ಲಿ ‘ನೈಟ್ ಸೈಟ್’ ತಂದ ಮೇಲೆ ಇಂಥ ಸೌಲಭ್ಯ ಎಲ್ಲ ಕಂಪನಿಗಳ ಫೋನುಗಳಲ್ಲೂ ಸಾಮಾನ್ಯವಾಯಿತು. ಫೋನು ಒಂದು ಚಿತ್ರವನ್ನಲ್ಲ, ಒಂದರ ಹಿಂದೊಂದು ಹಲವು ಚಿತ್ರಗಳನ್ನು ತೆಗೆಯುತ್ತದೆ. ಕೈ ಕದಲಿದ್ದನ್ನು ಲೆಕ್ಕಹಾಕಿ ಅವುಗಳನ್ನು ಒಂದರ ಮೇಲೊಂದು ಕೂರಿಸುತ್ತದೆ. ಕಣಗಳನ್ನು ಸೋಸಿ ನೆರಳನ್ನು ಮೇಲಕ್ಕೆತ್ತುತ್ತದೆ. ಫಲಿತವಾಗಿ ದೊರೆಯುವುದು ಯಾರ ಕಣ್ಣೂ ಕಾಣದ ಒಂದು ಇರುಳು. ಮಾರುಕಟ್ಟೆಯ ಮೂಲೆಯಲ್ಲಿ ಮಲಗಿದವನ ಮುಖ ದಾರಿಹೋಕರ ಬರಿಗಣ್ಣಿಗೆ ಒಂದು ಮಸುಕು ಮಾತ್ರ. ಆ ಮಸುಕೇ ಅವನಿಗಿದ್ದ ಹೊದಿಕೆ. ಚಿತ್ರದಲ್ಲಿ ಅವನ ಗಡ್ಡದ ಬಿಳಿಗೂದಲನ್ನು ಎಣಿಸಬಹುದಾಗಿತ್ತು.

ನೆರಳು ಬೆಳಕಿನ ಕೊರತೆಯಲ್ಲ, ಅದೂ ಒಂದು ಬರಹ ಎಂಬುದನ್ನು ಶಾಸನ ಓದುವವರು ಬಲ್ಲರು. ತುಮಕೂರು ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕಾದ 12ನೆಯ ಸಂಪುಟವಾಗಿ 1904ರಲ್ಲಿ ಪ್ರಕಟಿಸಿದರು. ಆ ಸಂಪುಟವನ್ನು ಹಿಡಿದು ಹೊರಟ ವಿದ್ಯಾರ್ಥಿಗಳು ಮೊದಲು ಕಲಿಯುವ ಪಾಠವೊಂದಿದೆ. ಸವೆದ ಕಲ್ಲನ್ನು ನಡುಹಗಲಲ್ಲಿ ನೋಡಿದರೆ ಬರಿಯ ಬಂಡೆ; ಅದೇ ಕಲ್ಲಿಗೆ ಇರುಳಲ್ಲಿ ಒಂದು ಮಗ್ಗುಲಿನಿಂದ ಓರೆಯಾಗಿ ಟಾರ್ಚು ಹಿಡಿದರೆ ಪ್ರತಿಯೊಂದು ತಗ್ಗೂ ನೆರಳು ತುಂಬಿಕೊಂಡು ಅಕ್ಷರವಾಗುತ್ತದೆ. ನೇರವಾಗಿ ಫ್ಲ್ಯಾಶ್ ಹಾರಿಸಿದರೆ ಮತ್ತೆ ಬಂಡೆಯೇ. ತುರುವೇಕೆರೆಯ ಮೂಲೆ ಶಂಕರೇಶ್ವರ ಗುಡಿಯ ಒಳಗಾಗಲಿ, ತಿಪಟೂರು ತಾಲ್ಲೂಕಿನ ಅರಳಗುಪ್ಪೆಯ ಕಲ್ಲೇಶ್ವರನ ಗುಡಿಯಲ್ಲಿ ದಿಕ್ಪಾಲಕರ ನಡುವೆ ಕುಣಿಯುವ ಮೇಲ್ಛಾವಣಿಯ ನಟರಾಜನ ಕೆಳಗಾಗಲಿ ನಿಂತು ಕೈಯಲ್ಲೇ ಚಿತ್ರ ತೆಗೆದವರಿಗೆ ಇದು ಅನುಭವದ ಮಾತು. ನೆರಳನ್ನೆಲ್ಲ ತೊಳೆದುಹಾಕಿದ ಚಿತ್ರದಲ್ಲಿ ಶಿಲ್ಪವೇ ಉಳಿಯದು. ಅಜ್ಜಿ ಆಕ್ಷೇಪಿಸಿದ್ದು ಇದನ್ನೇ.

ಎರಡನೆಯ ಪ್ರಶ್ನೆ ಇಷ್ಟು ಸುಲಭವಾಗಿ ಬಗೆಹರಿಯುವಂಥದಲ್ಲ, ಕಲ್ಲು ನಿದ್ದೆಹೋಗಿರುವುದಿಲ್ಲ.

ಆ ವಿದ್ಯಾರ್ಥಿಯ ಇರುಳ ನಡಿಗೆಯ ಹಾದಿ ಹೆಚ್ಚೂಕಡಿಮೆ ಒಂದೇ. ತಿಪಟೂರಿನ ಕಡೆಯಿಂದ ಬರುವ ಕಡೆಯ ರೈಲುಗಳು ಜನರನ್ನು ಇಳಿಸುವ ಮೆಜೆಸ್ಟಿಕ್. ಅಲ್ಲಿಂದ ಚಿಕ್ಕಪೇಟೆ, ಅವೆನ್ಯೂ ರಸ್ತೆ, ಕೊನೆಗೆ ಮಾರುಕಟ್ಟೆ. ಹಗಲಲ್ಲಿ ಭುಜಕ್ಕೆ ಭುಜ ತಾಗದೆ ನಡೆಯಲಾಗದ ಅವೆನ್ಯೂ ರಸ್ತೆ ನಡುರಾತ್ರಿ ಕಳೆದ ಮೇಲೆ ಎಳೆದ ಕಬ್ಬಿಣದ ಬಾಗಿಲುಗಳ ಒಂದು ಕಣಿವೆ. ಸೈಕಲ್ಲಿಗೆ ಫ್ಲಾಸ್ಕು ಕಟ್ಟಿಕೊಂಡ ಚಹಾದವನು, ಕಾವಲಿನವನು, ಬೀದಿನಾಯಿ. ಮೂರು ಗಂಟೆಯ ಹೊತ್ತಿಗೆ ಹೂವಿನ ಮೂಟೆಗಳು ಇಳಿಯಲಾರಂಭಿಸಿ ಮಾರುಕಟ್ಟೆ ಎಚ್ಚರಗೊಳ್ಳುತ್ತದೆ. ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ವಿದ್ಯುತ್ತು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗಳಿಗೆ. ಬೆಂಗಳೂರಿನ ಬೀದಿಗಳಿಗೆ ಅದು ದೀಪವಾಗಿ ಬಂದದ್ದು 1905ರ ಆಗಸ್ಟ್ 5ರಂದು. ಒಂದು ಕಾಲದಲ್ಲಿ ಸಿದ್ಧಿಕಟ್ಟೆ ಕೆರೆಯಿದ್ದ ನೆಲದಲ್ಲಿ 1921ರಲ್ಲಿ ಈ ಮಾರುಕಟ್ಟೆ ಕಟ್ಟಡ ಎದ್ದಿತು. ಸೋಡಿಯಂ ದೀಪಗಳ ಹಳದಿ ಬೆಳಕು ಹೋಗಿ ಈಗ ಎಲ್‌ಇಡಿಯ ಬಿಳಿ ಬೆಳಕು ಬಂದಿದೆ. ನೂರು ವರ್ಷಗಳಲ್ಲಿ ದೀಪ ಬದಲಾದಂತೆಲ್ಲ ಬೀದಿಯಲ್ಲಿ ಮಲಗುವವನ ಮರೆ ತೆಳುವಾಗುತ್ತ ಬಂದಿದೆ.

ಇರುಳಿನ ನಗರವನ್ನು ಚಿತ್ರಿಸಿದವರಲ್ಲಿ ಎರಡು ಬಗೆಯವರಿದ್ದಾರೆ. ‘ಪ್ಯಾರಿಸ್ ದ ನ್ಯೂಇ’ ಎಂಬ ಪ್ರಸಿದ್ಧ ಸಂಪುಟವನ್ನು 1933ರಲ್ಲಿ ಹೊರತಂದ ಬ್ರಸಾಯ್, ಗಾಜಿನ ಫಲಕಗಳನ್ನೂ ಟ್ರೈಪಾಡನ್ನೂ ಹೊತ್ತು ಪ್ಯಾರಿಸಿನ ಬೀದಿಗಳಲ್ಲಿ ನಿಲ್ಲುತ್ತಿದ್ದ. ಒಂದು ಸಿಗರೇಟು ಉರಿದು ಮುಗಿಯುವ ಹೊತ್ತನ್ನು ಶಟರಿನ ಕಾಲಮಾನವಾಗಿ ಬಳಸುತ್ತಿದ್ದ. ಅಷ್ಟು ಹೊತ್ತು ಬೀದಿಯಲ್ಲಿ ನಿಂತವನನ್ನು ಆ ಬೀದಿಯೂ ನೋಡುತ್ತದೆ. ಅವನಿಗಿಂತ ನಾಲ್ಕು ದಶಕ ಮೊದಲು ನ್ಯೂಯಾರ್ಕಿನ ವರದಿಗಾರ ಜೇಕಬ್ ರೀಸ್ ಮೆಗ್ನೀಸಿಯಂ ಪುಡಿಯ ಫ್ಲ್ಯಾಶ್ ಹಿಡಿದು ಬಡವರ ಬಾಡಿಗೆ ಕೋಣೆಗಳಿಗೆ ಇರುಳಿನಲ್ಲಿ ನುಗ್ಗುತ್ತಿದ್ದ. ಮಲಗಿದವರು ಬೆಚ್ಚಿ ಕಣ್ಣು ತೆರೆಯುವಷ್ಟರಲ್ಲಿ ಚಿತ್ರ ಮುಗಿದಿರುತ್ತಿತ್ತು. 1890ರಲ್ಲಿ ಪ್ರಕಟವಾದ ಅವನ ಪುಸ್ತಕ ವಸತಿ ಸುಧಾರಣೆಗೆ ದೊಡ್ಡ ಪ್ರೇರಣೆಯಾಯಿತೆಂಬುದು ನಿಜ. ಆ ಚಿತ್ರಗಳಲ್ಲಿನ ಬೆದರಿದ ಕಣ್ಣುಗಳೂ ಅಷ್ಟೇ ನಿಜ. ಕಿಸೆಯ ಮೊಬೈಲು ಇವರಿಬ್ಬರಿಗಿಂತ ಮುಂದೆ ಹೋಗಿದೆ. ಅದಕ್ಕೆ ಬ್ರಸಾಯ್‌ನಂತೆ ಕಾಯಬೇಕಾಗಿಲ್ಲ. ರೀಸ್‌ನಂತೆ ಎಬ್ಬಿಸಬೇಕಾಗಿಯೂ ಇಲ್ಲ. ನೋಡಲ್ಪಟ್ಟವನಿಗೆ ತಾನು ನೋಡಲ್ಪಟ್ಟೆನೆಂಬುದೇ ತಿಳಿಯುವುದಿಲ್ಲ.

ಕನ್ನಡ ಕಾವ್ಯದಲ್ಲಿ ಇರುಳ ನಗರದ ನಡಿಗೆಯ ದೊಡ್ಡ ಪ್ರಸಂಗವಿರುವುದು ಪಂಪನಲ್ಲಿ. 941ರ ‘ವಿಕ್ರಮಾರ್ಜುನ ವಿಜಯ’ದ ನಾಲ್ಕನೆಯ ಆಶ್ವಾಸದಲ್ಲಿ, ಸುಭದ್ರೆಯ ಮೇಲೆ ಮನಸ್ಸು ನೆಟ್ಟು ನಿದ್ದೆ ಬಾರದ ಅರ್ಜುನ ಬೆಳುದಿಂಗಳ ಇರುಳಿನಲ್ಲಿ ದ್ವಾರಾವತಿಯ ಸೂಳೆಗೇರಿಯ ಬೀದಿಗಳಲ್ಲಿ ನಡೆಯುತ್ತಾನೆ. ಚಂದ್ರೋದಯ, ಮಧುಪಾನ ಮೊದಲಾದ ಅಷ್ಟಾದಶ ವರ್ಣನೆಗಳ ಕಟ್ಟಳೆಯನ್ನು ಪೂರೈಸಲು ಪಂಪ ಈ ಭಾಗವನ್ನು ಸೇರಿಸಿದನೆಂದು ಹೇಳಿ ಮುಂದೆ ಸಾಗುವುದು ತರಗತಿಗಳ ವಾಡಿಕೆ. ಆದರೆ ಕಟ್ಟಳೆಯ ವರ್ಣನೆ ಸಾಮಾನ್ಯವಾಗಿ ಎತ್ತರದಲ್ಲಿ ನಿಂತು ಊರನ್ನು ಇಡಿಯಾಗಿ ನೋಡುತ್ತದೆ. ಪಂಪ ಹಾಗೆ ನೋಡುವುದಿಲ್ಲ. ನಡೆಯುವವನ ಎಡಬಲಗಳಲ್ಲಿ ಕಂಡಷ್ಟು ಕಾಣುತ್ತದೆ, ಕೇಳಿದಷ್ಟು ಕೇಳುತ್ತದೆ: ಒಂದು ಬಾಗಿಲಲ್ಲಿ ಮುನಿಸು, ಇನ್ನೊಂದರಲ್ಲಿ ಒಲುಮೆ, ಮತ್ತೊಂದರಲ್ಲಿ ಹಣದ ಚೌಕಾಸಿ, ಮುಂದೆ ಕಳ್ಳಿನ ಅಮಲು. ಯಾವ ಕಥೆಗೂ ಆದಿಯಿಲ್ಲ, ಅಂತ್ಯವಿಲ್ಲ. ಒಂದೊಂದೂ ತುಂಡು, ಒಂದೊಂದೂ ಕೈಹಿಡಿತದ ಚಿತ್ರ.

ಇಲ್ಲಿ ಗಮನಿಸಬೇಕಾದುದು ನೋಡುವವನ ಸ್ಥಿತಿಯನ್ನು. ಅರ್ಜುನ ಆ ಬೀದಿಯಲ್ಲಿ ಅರಿಕೇಸರಿಯ ಪ್ರತಿರೂಪವಾದ ಕಥಾನಾಯಕ ನಿಜ. ಆದರೆ ಆ ಇರುಳಿನಲ್ಲಿ ಅವನೂ ವಿರಹಿ. ಬಾಗಿಲು ಬಾಗಿಲಲ್ಲಿ ಕಾಣುವ ಬೇನೆ ಅವನ ಮೈಯಲ್ಲೂ ಇದೆ. ಅವನ ಕೈಯೂ ನಡುಗುತ್ತಿದೆ ಎನ್ನಬಹುದು. ಆದ್ದರಿಂದಲೇ ಆ ಬೀದಿಯ ಜನರನ್ನು ಕುರಿತ ನಗೆಯಲ್ಲಿ ಕಹಿಯಿಲ್ಲ. ಗೋಣಿಚೀಲದ ಮೇಲಿನ ಮನುಷ್ಯನ ಚಿತ್ರದಲ್ಲಿ ಇಲ್ಲದೆ ಹೋದದ್ದು ಈ ನಡುಕ. ಅದನ್ನು ತೆಗೆದವನು ಅದೇ ತೆಂಗಿನ ಸೀಮೆಯವನು. ಆ ಚೀಲದ ಕಾಯಿ ಅವನ ಊರಿನ ಸುತ್ತಲಿನದೇ ಆಗಿರಬಹುದು. ಚಿತ್ರವನ್ನು ನೋಡಿದವರಿಗೆ ಅದರ ಸುಳಿವೇ ಇರಲಿಲ್ಲ. ಪ್ರದರ್ಶನದಲ್ಲಿ ಅದರ ಕೆಳಗಿದ್ದ ಶೀರ್ಷಿಕೆ ‘ಶ್ರಮ’ ಎಂದಷ್ಟೇ.

ಪಂಪನ ಇರುಳು ಹಗುರವಾದದ್ದು. 1209ರಲ್ಲಿ ರಚಿತವಾದ ಜನ್ನನ ‘ಯಶೋಧರ ಚರಿತೆ’ಯ ಇರುಳು ಹಾಗಲ್ಲ. ಆನೆಯ ಲಾಯದ ಕಡೆಯಿಂದ ಬಂದ ಹಾಡಿಗೆ ಸೋತ ಅಮೃತಮತಿ ನಡುರಾತ್ರಿಯಲ್ಲಿ ಹಾಸಿಗೆಯಿಂದೆದ್ದು ಹೋಗುತ್ತಾಳೆ. ನಿದ್ದೆಯ ನಟನೆಯಲ್ಲಿದ್ದ ಯಶೋಧರ ಕತ್ತಿ ಹಿಡಿದು ಕತ್ತಲಲ್ಲಿ ಹಿಂಬಾಲಿಸುತ್ತಾನೆ. ತಡವಾಗಿ ಬಂದಳೆಂದು ಮಾವುತ ಅವಳನ್ನು ಹೊಡೆಯುವುದನ್ನೂ ಅವಳು ಅದನ್ನು ಸಹಿಸುವುದನ್ನೂ ಮರೆಯಲ್ಲಿ ನಿಂತು ನೋಡುತ್ತಾನೆ. ಎತ್ತಿದ ಕತ್ತಿಯನ್ನು ತಡೆಯುತ್ತಾನೆ, ಬಂದಂತೆಯೇ ಹಿಂದಿರುಗುತ್ತಾನೆ. ವಿಮರ್ಶಕರು ಈ ಸಂಯಮವನ್ನು ಮೆಚ್ಚುತ್ತಾರೆ, ಅದು ಯೋಗ್ಯವೇ. ಆದರೆ ಕತ್ತಿ ಒರೆಗೆ ಸೇರಿದರೂ ಕಣ್ಣು ಕಂಡದ್ದು ಒರೆಗೆ ಸೇರುವುದಿಲ್ಲ. ಕಂಡದ್ದನ್ನು ಕಂಡೆನೆಂದು ಹೇಳಲಾರದೆ ಅರಸ ತಾಯಿಯ ಮುಂದೆ ಕೆಟ್ಟ ಕನಸೆಂದು ಸುಳ್ಳಾಡುತ್ತಾನೆ. ಕನಸಿನ ಕೇಡಿಗೆ ತಾಯಿ ಬಲಿಯ ಪರಿಹಾರ ಸೂಚಿಸುತ್ತಾಳೆ. ಜೀವಬಲಿ ಒಲ್ಲೆನೆಂದಾಗ ಹಿಟ್ಟಿನ ಕೋಳಿಯಾದರೂ ಆಗಲಿ ಎಂಬಲ್ಲಿಗೆ ಮಾತು ನಿಲ್ಲುತ್ತದೆ. ಕಡಿದಾಗ ಆ ಹಿಟ್ಟಿನ ಕೋಳಿ ಕೂಗುತ್ತದೆ. ಅಲ್ಲಿಂದ ಮುಂದೆ ತಾಯಿಮಕ್ಕಳು ಜನ್ಮಜನ್ಮಾಂತರಗಳಲ್ಲಿ ತೊಳಲುತ್ತಾರೆ.

ಈ ಸರಣಿಯ ಮೊದಲ ಕೊಂಡಿ ಮರೆಯಲ್ಲಿ ನಿಂತು ನೋಡಿದ ಒಂದು ನೋಟ. ಕೊನೆಯ ಕೊಂಡಿ ಒಂದು ಪ್ರತಿಮೆ. ‘ಬರೀ ಹಿಟ್ಟು ತಾನೇ’ ಎಂಬುದು ಅರಮನೆಯ ಸಮಾಧಾನ. ಜನ್ನನ ಕಾವ್ಯ ಅಲುಗದೆ ನಿರಾಕರಿಸುವುದು ಈ ಸಮಾಧಾನವನ್ನು. ಜೈನ ಚಿಂತನೆ ಸಂಕಲ್ಪಹಿಂಸೆ ಎಂದು ಕರೆಯುವ ತತ್ತ್ವದ ತಿರುಳು ಇದೇ: ಕರ್ಮ ಅಂಟುವುದು ವಸ್ತುವಿನಲ್ಲಿ ಜೀವವಿತ್ತೇ ಎಂಬುದನ್ನು ನೋಡಿಯಲ್ಲ, ಕೈಯ ಹಿಂದಿನ ಮನಸ್ಸನ್ನು ನೋಡಿ. ‘ಬರೀ ಫೋಟೋ ತಾನೇ’ ಎಂಬ ಮಾತು ಅದೇ ಸಮಾಧಾನದ ಇಂದಿನ ರೂಪವೆಂದು ಆ ವಿದ್ಯಾರ್ಥಿಗೆ ಹೊಳೆದದ್ದು ತೋಟದ ಮನೆಯಲ್ಲಿ, ವಿದ್ಯುತ್ತು ಹೋಗಿ ಓದು ನಿಂತ ಒಂದು ರಾತ್ರಿ.

ಹೋಲಿಕೆಯನ್ನು ಮಿತಿಮೀರಿ ಎಳೆಯಬಾರದು. ಚಿತ್ರ ತೆಗೆಯುವುದು ಬಲಿಯಲ್ಲ. ಪ್ರತಿಯೊಬ್ಬರ ಅನುಮತಿ ಪಡೆದೇ ಬೀದಿಯ ಚಿತ್ರ ತೆಗೆಯಬೇಕೆಂದಿದ್ದರೆ ಇಪ್ಪತ್ತನೆಯ ಶತಮಾನದ ನಗರಗಳ ಇರುಳಿನ ದಾಖಲೆಯೇ ನಮಗೆ ಉಳಿಯುತ್ತಿರಲಿಲ್ಲ. ಹತ್ತನೆಯ ಶತಮಾನದ ಒಂದು ನಗರದ ಇರುಳಿನ ಮಾತು ಹೇಗಿತ್ತೆಂಬುದರ ಕಲ್ಪನೆಗೂ ಪಂಪನ ಅರ್ಜುನ ಕದ್ದು ಕೇಳಿದ್ದೇ ಆಧಾರ. ಅನುಮತಿ ಕೇಳಿದೊಡನೆ ಮುಖ ಬಿಗಿಯುತ್ತದೆ, ಕ್ಷಣ ಸಾಯುತ್ತದೆ ಎಂಬ ಛಾಯಾಗ್ರಾಹಕರ ವಾದದಲ್ಲೂ ಹುರುಳಿದೆ. ಆದರೆ ತೆಗೆಯುವ ಮುನ್ನ ಕೇಳಲಾಗದಿದ್ದರೆ ತೆಗೆದ ಮೇಲೆ ಹೇಳಬಹುದು. ಗೋಡೆಗೆ ತೂಗುಹಾಕುವ ಮುನ್ನವಾದರೂ ಹುಡುಕಬಹುದು. ನಡೆದೇ ಹೋದವನು ನಡೆದೇ ಹಿಂದಿರುಗಲೂ ಬಲ್ಲ.

ರಜೆ ಮುಗಿದ ಮೇಲೆ ಅವನು ಹಾಗೆ ಹಿಂದಿರುಗಿದ. ಅದೇ ಬೀದಿ, ಅದೇ ಹೊತ್ತು. ಮಲಗಿದ್ದವನು ಅಲ್ಲಿರಲಿಲ್ಲ. ಚಿತ್ರ ತೋರಿಸಿ ಇಬ್ಬರು ಮೂವರನ್ನು ಕೇಳಿದ. ಆತ ಕೆಲಸ ಬಿಟ್ಟು ತಿಂಗಳಾಯಿತು ಎಂದರು. ಕೊಕ್ಕೆ ಹಿಡಿದು ಲಾರಿಯಿಂದ ಚೀಲ ಇಳಿಸುತ್ತಿದ್ದ ಇನ್ನೊಬ್ಬ ಹಮಾಲಿ ಚಹಾಕ್ಕೆಂದು ಕೂತಾಗ, "ಒಂದು ಫೋಟೋ ತೆಗೀಬೋದಾ ಅಣ್ಣ?" ಎಂದು ಕೇಳಿದ.

"ಯಾವೂರಪ್ಪ ನಿಂದು?"

"ದಬ್ಬೇಘಟ್ಟ."

ಆತ ನಕ್ಕ. "ಅಂಗಾರೆ ನಮ್ಮ ಕಡೇನೆ. ನಂದು ಹುಳಿಯಾರ್ ತಾವ. ತೆಗಿ, ಆದ್ರೆ ಮುಖ ಮಾತ್ರ ಬ್ಯಾಡ. ಊರಲ್ಲಿ ನಾನು ಓಟ್ಲಲ್ಲಿ ಮ್ಯಾನೇಜ್ರು ಅಂತ ಹೇಳ್ಕಂಡಿವ್ನಿ. ಮಗಳ ಮದ್ವೆ ಮಾತು ನಡೀತೈತೆ. ಈಗೆಲ್ಲ ಒಂದು ಫೋಟೋ ಎಲ್ಲಿಂದ ಎಲ್ಲಿಗೋ ಹೋಯ್ತದೆ ನೋಡು."

ಮಾತು ಇಷ್ಟೇ. ಚಹಾ ಮುಗಿಸಿ ಆತ ಎದ್ದ. ಗೋಣಿಯ ಅಂಚಿಗೆ ಕೊಕ್ಕೆ ಸಿಕ್ಕಿಸಿ ಎಳೆಯುವ ಆ ಎರಡು ಕೈಗಳನ್ನು ವಿದ್ಯಾರ್ಥಿ ತೆಗೆದ. ಫೋನಿನ ಇರುಳಿನ ಸೌಲಭ್ಯವನ್ನು ಆರಿಸಿ, 1/8 ಸೆಕೆಂಡು ಇಟ್ಟು, ಬೀದಿದೀಪದ ಕಂಬಕ್ಕೆ ಭುಜ ಕೊಟ್ಟು ತೆಗೆದ ಚಿತ್ರ. ಕೈಗಳು ಅಲುಗಿದ್ದವು, ತೆಗೆದವನ ಕೈಯೂ ಅಲುಗಿತ್ತು. ಕೊಕ್ಕೆಯ ಮೊನೆಯೊಂದು ಮಾತ್ರ ಬೆಳಕು ಹಿಡಿದು ನಿಂತಿತ್ತು. ಉಳಿದುದೆಲ್ಲ ಕತ್ತಲು.

ಮರುದಿನ ಅವನು ವಿಭಾಗಕ್ಕೆ ಹೋಗಿ ಗೋಡೆಯ ಮೇಲಿನ ಚಿತ್ರವನ್ನು ಇಳಿಸಿದ. ಗೋಣಿಚೀಲದ ಮೇಲೆ ಮಲಗಿದವನ ಊರಿನಲ್ಲಿ ಅವನು ಏನೆಂದು ಹೇಳಿಕೊಂಡಿದ್ದನೋ ಯಾರಿಗೆ ಗೊತ್ತು. ಬಹುಮಾನದ ಚಿತ್ರವನ್ನು ಏಕೆ ತೆಗೆದೆ ಎಂದು ಕೇಳಿದ ಗೆಳೆಯರಿಗೆ ಅವನು ಯಶೋಧರನ ಕಥೆ ಹೇಳಲಾಗಲಿಲ್ಲ, ಹೇಳಿದ್ದರೆ ನಗುತ್ತಿದ್ದರು. ಚಿತ್ರವನ್ನು ಅಳಿಸಿಹಾಕಲೂ ಇಲ್ಲ. ಆತ ಸಿಕ್ಕಿದರೆ ತೋರಿಸಬೇಕು, ಅವನು ಹೇಳಿದಂತೆ ಮಾಡಬೇಕು ಎಂದುಕೊಂಡು ಇಟ್ಟುಕೊಂಡಿದ್ದಾನೆ. ಆಮೇಲೆ ಎರಡು ಬಾರಿ ಅದೇ ಬೀದಿಗೆ ಹೋಗಿ ಬಂದಿದ್ದಾನೆ.

ದಸರೆಯ ಹೊತ್ತಿಗೆ ಊರಿಗೆ ಹೋದಾಗ ಅಜ್ಜಿ ಅಟ್ಟದ ಕೆಳಗೆ ನಿಂತು, ಮೇಲಿನಿಂದ ಇಳಿಸಿದ ಕಾಯಿಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುತ್ತಿದ್ದರು. ಕತ್ತಲ ಅಟ್ಟದಲ್ಲಿ ಹತ್ತು ಹನ್ನೊಂದು ತಿಂಗಳು ಕೂತ ಕಾಯಿಯೊಳಗೆ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಕೊಬ್ಬರಿಯಾದಾಗ ಒಳಗೆ ಗುಂಡು ಉರುಳಿದಂತೆ ಸದ್ದಾಗುತ್ತದೆ. ಸದ್ದು ಬಾರದ ಕಾಯಿ ಮತ್ತೆ ಅಟ್ಟಕ್ಕೆ. ಮೊಮ್ಮಗ ಹೊಸ ಚಿತ್ರವನ್ನು ತೋರಿಸಿದ. ಅಜ್ಜಿ ಕೈಯಲ್ಲಿದ್ದ ಕಾಯಿಯನ್ನು ಕೆಳಗಿಟ್ಟು, ಸೆರಗಿನಿಂದ ಕನ್ನಡಕ ಒರೆಸಿಕೊಂಡು ನೋಡಿದರು.

"ಊಂ, ಇದು ರಾತ್ರಿ" ಎಂದರು. ಸ್ವಲ್ಪ ತಡೆದು, "ಯಾರ್ದು ಮಗ ಈ ಕೈ?" ಎಂದು ಕೇಳಿದರು.

ಮೊಮ್ಮಗನಿಗೆ ಹೆಸರು ಗೊತ್ತಿತ್ತು, ಊರೂ ಗೊತ್ತಿತ್ತು. "ನಮ್ಮ ಕಡೆಯವರೇ ಅಜ್ಜಿ" ಎಂದು ಮೊಬೈಲನ್ನು ಕಿಸೆಗೆ ಹಾಕಿಕೊಂಡು, ಅಟ್ಟದ ಏಣಿ ಹತ್ತಿದ.